ಎರಡನೆಯ ಬೇವಿನ ಬೆಲೆ

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಹಾಲಿನ ಗುರವ್ವ ಬಾಗಿಲಲ್ಲಿ ನಿಂತು, ಏನೂ ಆಗದವಳ ಹಾಗೆ, "ಎಷ್ಟು ಹಾಕ್ಲಿ?" ಎಂದಳು. ಹನ್ನೊಂದು ದಿನ ಯಾರು ಯಾರೋ ನನ್ನ ಪರವಾಗಿ ಉತ್ತರ ಹೇಳಿದ್ದರು. ಈಗ ಮನೆಯಲ್ಲಿ ನಾನೊಬ್ಬಳೇ. ಒಂದು ಲೀಟರ್ ಎನ್ನಲು ಬಾಯಿ ತೆರೆದು "ಅರ್ಧ" ಎಂದೆ. ಆಕೆ ಅರ್ಧ ಅಳೆದಳು. ಕೊಸರು ಎಂದು ಮೇಲೆ ಇನ್ನೊಂದಿಷ್ಟು ಸುರಿಯಲು ಹೋದವಳು, ತಲೆಯ ಮೇಲೆ ನಮ್ಮ ನುಗ್ಗೆ ಮರ ಇರುವುದು ನೆನಪಾಗಿ ಕೈ ಹಿಂದೆ ತೆಗೆದುಕೊಂಡಳು. ನಮ್ಮೂರಲ್ಲಿ ಮರದ ಕೆಳಗೆ ಯಾರೂ ಕೊಸರು ಹಾಕುವುದಿಲ್ಲ, ಕೇಳುವುದೂ ಇಲ್ಲ.

ಹಾಲು ಕಾಯುವಷ್ಟರಲ್ಲಿ ಹೊಳೆಬಸಪ್ಪ ಕಾಕಾ ಬಂದರು. ಒಂಬತ್ತು ವರ್ಷ ನನ್ನ ಗಂಡ ಮಾಲತೇಶನ ಜೊತೆ ಮರ ಇಳಿಸಿದವರು. ಇಳಿಸುವ ಕೆಲಸಕ್ಕೆ ಮಾಲತೇಶ ಬೆಲೆ ಹೇಳುತ್ತಿದ್ದ, ಕಾಕಾ ಗರಗಸ ಹಿಡಿಯುತ್ತಿದ್ದರು, ಇನ್ನಿಬ್ಬರು ಹಗ್ಗ ಎಳೆಯುತ್ತಿದ್ದರು. ಕಾಕಾ ಕೂರಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ಎರಡನೇದು ಭಾಳ ದಿನ ನಿಲ್ಲಾಂಗಿಲ್ಲವ್ವ," ಎಂದರು. "ನಿನ್ನಿ ಗಾಳಿಗೆ ಸೀಳು ಇನ್ನ ನಾಕು ಬಟ್ಟು ಬಿಟ್ಟೈತಿ. ಅಂಗನವಾಡಿ ಮ್ಯಾಲೆ ವಾಲೈತಿ."

ಟೇಲರ್ ನೀಲಗಂಗವ್ವನ ಅಂಗಳದಲ್ಲಿ ಎರಡು ಬೇವಿನ ಮರಗಳಿದ್ದವು. ಆಕೆಯ ಮಾವ ಒಂದೇ ದಿನ ನೆಟ್ಟವು. ವೈಶಾಖದ ಅಡ್ಡಮಳೆಯಲ್ಲಿ ಒಂದೇ ಸಿಡಿಲು ಎರಡನ್ನೂ ಸೀಳಿತು. ಮೊದಲನೆಯದಕ್ಕೆ ಮಾಲತೇಶ ಮೂರು ಸಾವಿರದ ಎಂಟುನೂರು ಹೇಳಿದ. ಅದು ಅವನ ಮೇಲೆ ಬಿತ್ತು.

"ಬೆಲಿ ಹೇಳೋರು ಬ್ಯಾರೆ ಯಾರೂ ಇಲ್ಲೇನು ಕಾಕಾ?"

"ಚನವೀರ ಒಲ್ಲೆ ಅಂದ. ಕೆಳಗಿನ ಓಣಿಯಾಂವ, ನಾ ಊರಾಗಿಲ್ಲ ಅಂತ ತನ್ನ ಮನಿಯಾಗ ಕುಂತ ಹೇಳಿ ಕಳಿಸಿದ." ನಗಬೇಕೋ ಬೇಡವೋ ತಿಳಿಯದೆ ಅವರು ಕೆಮ್ಮಿದರು. "ಮೂವತ್ತೊಂದು ಕೂಸು ಅದಾವು ಅಲ್ಲಿ. ಹನ್ನೊಂದು ದಿನ ಆತು ಬೀಗ ಹಾಕಿ. ಸೋಮವಾರ ತೆಗೀತಾರಂತ. ನೀ ಹೇಳ್ತಿ ಏನವ್ವ, ಬೆಲಿ?"

ಭಾನುವಾರಗಳಲ್ಲಿ ಮಾಲತೇಶ ನನ್ನನ್ನು ಊರ ಹೊರಗೆ ಕರೆದುಕೊಂಡು ಹೋಗಿ ಯಾವುದೋ ಮರದ ಎದುರು ನಿಲ್ಲಿಸಿ, ಇದಕ್ಕೆಷ್ಟು ಎಂದು ಕೇಳುತ್ತಿದ್ದ. ಮೊದಲು ನನ್ನದು, ಆಮೇಲೆ ಅವನದು. ಐವತ್ತು ನೂರರ ವ್ಯತ್ಯಾಸ ಬರುತ್ತಿತ್ತು. ಎಂ.ಎಸ್ಸಿ. ಓದಿದ್ದು ದಂಡ ಆಗ್ಲಿಲ್ಲ ನೋಡು ಎನ್ನುತ್ತಿದ್ದ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಆದರೆ ಕಾಂಡದ ಮೇಲೆ ಕೈ ಇಟ್ಟು ಬೆಲೆ ಹೇಳಿದವಳಲ್ಲ.

ನೋಡುತ್ತೇನೆ ಎಂದೆ. ಅದು ಧೈರ್ಯವಾಗಿರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿದಿತ್ತು. ಕಾಕಾ ಹೋಗಿ ಒಲೆ ಆರಿಸಿದರು.

ಬೆಲೆ ಹೇಳುವವರು ಮರ ವಾಲಿದ ಕಡೆ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಹಣ ಕೊಡುವ ಮರದ ಮನೆಯವರು ಎದುರು ಕಡೆ ಹತ್ತು ಹೆಜ್ಜೆ. ಹೇಳಿದ ಬೆಲೆ ಸರಿಯಿದ್ದರೆ ಮರ ಹಗ್ಗ ಎಳೆದ ಕಡೆ ಬರುತ್ತದೆ. ಕಡಿಮೆಯಾದರೆ ಹೇಳಿದವರ ಮೇಲೆ, ಹೆಚ್ಚಾದರೆ ಕೊಡುವವರ ಮೇಲೆ. ಮರ ನೆಲ ಮುಟ್ಟುವವರೆಗೆ ಯಾರೂ ಕದಲುವಂತಿಲ್ಲ. ಹಿಂದೆ ಒಬ್ಬ ಓಡಿದ್ದನಂತೆ. ಅವನ ಕಥೆಯನ್ನು ನಮ್ಮೂರಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಒಮ್ಮೆ ಹೊರಗಿನಿಂದ ಬಂದ ಇಂಜಿನಿಯರೊಬ್ಬರು ರಸ್ತೆ ಬದಿಯ ಆಲದ ಮರಗಳಿಗೆ ಟೆಂಡರು ಕರೆದರು, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೆಲಸ ಎಂದು. ಯಾರೂ ಹಾಕಲಿಲ್ಲ. ರಸ್ತೆ ಈಗಲೂ ಆ ಮರಗಳನ್ನು ಸುತ್ತು ಹಾಕಿ ಹೋಗುತ್ತದೆ. ಸಂತೆಯಲ್ಲಿ ತರಕಾರಿಯವರು ಮರದ ಬುಡದಲ್ಲೇ ಬುಟ್ಟಿ ಇಡಲು ಬೆಳಗಿನ ಜಾವ ಜಗಳಾಡುತ್ತಾರೆ, ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ ಎಂದು.

ಮಾಲತೇಶ ಇನ್ನೂ ಕಟ್ಟುನಿಟ್ಟು. ಬೆಲೆ ಹೇಳುವ ಮನೆಯಲ್ಲಿ ಮೊದಲು ನೀರು ಕೂಡ ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಚಾಚಿದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅವರ ಮನೆಯ ಒಂದು ಗುಟುಕು ನೀರು ಹೊಟ್ಟೆಯಲ್ಲಿದ್ದರೂ ನಾಲಿಗೆ ಹತ್ತು ರೂಪಾಯಿ ಕಡಿಮೆ ಹೇಳುತ್ತದೆ ಎನ್ನುತ್ತಿದ್ದ. ಅಂಥವನ ಮೇಲೆ ಮರ ಬಿತ್ತು. ಊರು ಒಂದೇ ಒಂದು ಕಾರಣ ಹುಡುಕಿತು. ನೀಲಗಂಗವ್ವ ಚೌಕಾಸಿ ಮಾಡಿದಳು. ಮರದ ಕೆಳಗೆ, ಪಿಸುಮಾತಿನಲ್ಲಿ, ಒಬ್ಬಂಟಿ ಹೆಂಗಸು ಎಂದು ಕನಿಕರ ಹುಟ್ಟಿಸಿ ಬೆಲೆ ಇಳಿಸಿದಳು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವನನ್ನು ಮಣ್ಣು ಮಾಡಿದ ದಿನ ಆಕೆ ಬಂದಾಗ ನೆರೆದವರು ಪಕ್ಕಕ್ಕೆ ಸರಿದರು. ನಾನೂ ಮುಖ ತಿರುಗಿಸಿದ್ದೆ.

ಅಂದೇ, ಶನಿವಾರ ಮಧ್ಯಾಹ್ನ, ಆಕೆಯ ಅಂಗಳಕ್ಕೆ ಹೋದೆ. ಹೊಲಿಗೆ ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿತ್ತು. ಬಟ್ಟೆ ತೂಗುಹಾಕುವ ತಂತಿ ಖಾಲಿ. ಮೊದಲೆಲ್ಲ ಅಲ್ಲಿ ಓಣಿಯ ಹೆಂಗಸರ ರವಿಕೆಗಳು ಸಾಲಾಗಿ ತೂಗುತ್ತಿದ್ದವು. ನೀಲಗಂಗವ್ವ ಹೊಸ್ತಿಲಲ್ಲಿ ನಿಂತಳು. ಐವತ್ತರ ಹೆಂಗಸು, ಸೆರಗಿನ ತುದಿಗೆ ಇನ್ನೂ ಎರಡು ಸೂಜಿ ಚುಚ್ಚಿಕೊಂಡಿದ್ದಳು. ಬಾ ಎನ್ನಲಿಲ್ಲ. ನೀರು ಬೇಕೇ ಎಂದು ಕೇಳಲಿಲ್ಲ. ಕೇಳಬಾರದೆಂದು ಆಕೆಗೂ ಗೊತ್ತು.

ಮೊದಲ ಮರದ ಬುಡ ಅಲ್ಲೇ ಇತ್ತು. ಅದರತ್ತ ನೋಡದೆ ಎರಡನೆಯದನ್ನು ಅಳೆದೆ. ಸುತ್ತಳತೆ, ಎತ್ತರ, ವಾಲಿದ ಕೋನ. ಸೀಳಿನಲ್ಲಿ ಕೈ ಇಟ್ಟರೆ ಮೊಣಕೈವರೆಗೆ ಹೋಗುತ್ತಿತ್ತು. ಗಾಳಿ ಬೀಸಿದಾಗ ಒಳಗೆ ಕರಕರ ಸದ್ದು. ಕೈ ತಕ್ಷಣ ಹೊರಗೆಳೆದುಕೊಂಡೆ. ಭಾನುವಾರ ಬೆಳಗಿನಿಂದ ಅದರ ಕೆಳಗೆ ಕುಳಿತೆ, ಅವನು ಕೂರುತ್ತಿದ್ದಂತೆ. ಕಾಗೆಯ ಗೂಡು ಒಂದು, ಖಾಲಿ. ಕೊಂಬೆ ಇಳಿಸಲು ಎರಡು ತಾಸು. ಅಂಗನವಾಡಿಯ ತಗಡಿನ ಮೇಲೆ ಒಂದು ಕೊಂಬೆ ಆಗಲೇ ತಾಗಿದೆ, ಅದನ್ನು ಹಗ್ಗದಲ್ಲಿ ಕಟ್ಟಿ ಇಳಿಸಬೇಕು. ಸೀಳಿದ ಮರ ಏರುವವನ ಜೀವಭಯ. ನಮಗೆ ಸೇರುವ ಕಟ್ಟಿಗೆಯಲ್ಲಿ ಅರ್ಧ ತೊಲೆಗೆ ಬರುತ್ತದೆ, ಅದನ್ನು ಕಳೆಯಬೇಕು. ಈ ಮನೆಗೆ ಮಧ್ಯಾಹ್ನ ಮೂರರಿಂದ ಆರರವರೆಗೆ ನೆರಳು ಹೋಗುತ್ತದೆ, ಅದನ್ನೂ ಕಳೆಯಬೇಕು. ನಾಲ್ಕು ಸಾವಿರದ ಇನ್ನೂರೈವತ್ತು ಬಂತು. ಮೂರು ಸಲ ಮಾಡಿದರೂ ಅಷ್ಟೇ.

ಆಮೇಲೆ ಮಾಡಬಾರದ ಕೆಲಸ ಮಾಡಿದೆ. ಎದ್ದು ಹೋಗಿ ಮೊದಲ ಮರದ ಬುಡ ಅಳೆದೆ. ಗರಗಸ ಹಿಡಿದು ಬಂದಿದ್ದ ಕಾಕಾ ಅವರನ್ನು ಕೇಳಿ ಎತ್ತರ ಹಾಕಿದೆ, ವಾಲು ಹಾಕಿದೆ, ಆ ದಿನ ಕೊಯ್ದ ತಾಸುಗಳನ್ನು ಹಾಕಿದೆ.

ಮೂರು ಸಾವಿರದ ಎಂಟುನೂರು ಬಂತು.

ಬೆಲೆ ಸರಿಯಿತ್ತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಅಲ್ಲೇ ನಿಲ್ಲುತ್ತಿದ್ದೆ, ನನ್ನ ಮೇಲೂ ಬೀಳುತ್ತಿತ್ತು. ಅವನ ಲೆಕ್ಕಕ್ಕೆ ಸಿಗದ್ದು ಏನೋ ಇತ್ತು, ಅದು ನನ್ನ ಲೆಕ್ಕಕ್ಕೂ ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ನಾನು ಅಂಗನವಾಡಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು.

"ಐದು ಸಾವಿರ ಅನ್ನು," ಎಂದರು ಕಾಕಾ.

"ಹೆಚ್ಚಾದ್ರ ಆಕಿ ಮ್ಯಾಲೆ ಬೀಳತೈತಿ ಕಾಕಾ."

ಅವರು ಗರಗಸದ ಹಲ್ಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. "ಆಕಿ ಏನ್ ಮಾಡ್ಯಾಳ ಅನ್ನೂದು ಊರಿಗೇ ಗೊತ್ತೈತಿ. ನೀ ಸಣ್ಣಾಕಿ. ನಿನ್ನ ಯಾರೂ ಕೇಳಾಂಗಿಲ್ಲ. ಹೊಸದಾಗಿ ಹೇಳೂ ಹುಡುಗಿ, ಲೆಕ್ಕ ತಪ್ಪಿತು ಅಂತಾರ, ಅಷ್ಟ."

ಆ ಮಾತು ನನ್ನೊಳಗೆ ಹಾಗೇ ಕೂತಿತು. ಏಳುನೂರೈವತ್ತು ರೂಪಾಯಿ ಸೇರಿಸಿದರೆ ನಾನು ಬದುಕುತ್ತೇನೆ. ಆಕೆ ಆ ಕಡೆ ನಿಂತಿರುತ್ತಾಳೆ, ಸೆರಗಿಗೆ ಸೂಜಿ ಚುಚ್ಚಿಕೊಂಡು. ನಾನು ಅದನ್ನು ಸೇರಿಸಿಯೂ ಬರೆದೆ. ಐದು ಸಾವಿರ. ನನ್ನ ಅಕ್ಷರ ಚೆನ್ನಾಗಿಯೇ ಇತ್ತು. ಅದನ್ನು ನೋಡಿ ನನಗೇ ಏನೋ ಆಯಿತು. ಕಾಗದ ಮಡಚಿ, ಕಾಕಾ ಮನೆಗೆ ಹೋಗುವವರೆಗೆ ಕಾದು, ಎದ್ದು ಹೊಸ್ತಿಲ ಬಳಿ ಹೋದೆ.

"ಅಕ್ಕಾರ, ಒಂದು ಮಾತು ಕೇಳ್ತೀನಿ. ನೀವು ಚೌಕಾಸಿ ಮಾಡಿದ್ರೇನು?"

ಆಕೆಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಮೆಟ್ಟಿಲಿಳಿದು ಬಂದು ಮರದ ಮೇಲೆ ಅಂಗೈ ಇಟ್ಟಳು. "ಆಂವ ಮೂರು ಸಾವಿರದ ಎಂಟುನೂರು ಅಂದ. ನಾ ಆಯ್ತು ಅಂದೆ. ಅದರ ಹಿಂದ ಒಂದು ಮಾತಿಲ್ಲ, ಮುಂದ ಒಂದು ಮಾತಿಲ್ಲ."

"ಹಂಗಾದ್ರ ಯಾಕ?"

"ನಾ ಏನ್ ಹೇಳ್ಲೆವ್ವ," ಎಂದು ಒಳಗೆ ಹೊರಟಳು. ಆಕೆಗೆ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು. ಗೊತ್ತಿಲ್ಲದವರು ಅಷ್ಟು ಬೇಗ ಬೆನ್ನು ತಿರುಗಿಸುವುದಿಲ್ಲ.

"ನಾಳೆ ನೀವು ಆ ಕಡೆ ನಿಲ್ಲಬೇಕು, ನಾ ಈ ಕಡೆ ನಿಲ್ಲಬೇಕು," ಎಂದೆ. "ಐದು ಸಾವಿರ ಅಂತ ಬರದೀನಿ ಅಕ್ಕಾರ. ನಾ ಉಳೀಲಿ ಅಂತ. ಗೊತ್ತಿದ್ರ ಹೇಳ್ರಿ."

ಆಕೆ ಬಾಗಿಲ ಪಟ್ಟಿ ಹಿಡಿದು ನಿಂತಳು. "ಇಸ್ತ್ರಿ ಪೆಟಿಗಿ," ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿಮ್ಮ ಮನ್ಯಾಗ ಐತೆಲ್ಲ, ಕರೀ ಹಿಡಿಕಿದು. ಅದು ನಂದು. ಮಾಘದಾಗ ಒಯ್ದ. ನಿನಗ ಕಾಲೇಜಿನಾಗ ಏನೋ ಸಂದರ್ಶನ ಐತಿ, ಸೀರಿ ಗರಿಗರಿ ಇರಬೇಕು ಅಂದ. ನಾಳೆ ತಂದ ಕೊಡ್ತೀನಿ ಅಕ್ಕಾರ ಅಂದ. ಆಂವ ಮರತ. ನನ್ನ ಕಡೆ ಇದ್ದಲಿದು ಇನ್ನೊಂದು ಐತಿ, ನಾನೂ ಕೇಳಲಿಲ್ಲ."

ಮಾಘದಲ್ಲಿ ಆಕೆ ಬರೀ ಓಣಿಯ ಟೇಲರ್. ಆಕೆಯ ಮರಗಳಿಗೆ ಬೆಲೆ ಹೇಳುವ ದಿನ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಸಿಡಿಲು ಬಡಿಯಿತು. ಮಾಲತೇಶ ಈ ಅಂಗಳದಲ್ಲಿ ಒಂದು ದಿನವಿಡೀ ಬಾಯಾರಿ ಕುಳಿತ, ಒಂದು ಲೋಟ ನೀರು ಮುಟ್ಟಲಿಲ್ಲ, ಎದ್ದು ಸರಿಯಾದ ಬೆಲೆ ಹೇಳಿದ. ಪೆಟ್ಟಿಗೆ ನಮ್ಮ ಕಪಾಟಿನಲ್ಲಿತ್ತು.

"ನಿಮಗ ಯಾವಾಗ ತಿಳೀತು?"

"ಮರ ಆಂವನ ಕಡೆ ತಿರಗಿದ ಕೂಡ್ಲೆ."

"ಊರೆಲ್ಲ ನಿಮ್ಮನ್ನ ಬೈತು. ಹೊಲಿಗಿ ನಿಂತು. ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ?" ಆಕೆಯ ದನಿ ಮೊದಲ ಸಲ ಏರಿತು. "ಮಣ್ಣ ಮಾಡೂ ದಿನ ನಿನ್ನ ಗಂಡನ್ನ ನಡುಮನಿಯಾಗ ಕುಂದ್ರಿಸಿದ್ರಿ. ನಾ ಬಂದು, ನನ್ನ ಪೆಟಿಗಿ ಕೊಡವ್ವ ಅಂತ ಕೇಳ್ಲೇನು?"

ಅಂದು ಅವನಿಗೆ ತೊಡಿಸಲು ಬಿಳಿ ಅಂಗಿ ಬೇಕು ಎಂದು ಯಾರೋ ಅಂದಿದ್ದರು. ನಾನೇ ತೆಗೆದು ಇಸ್ತ್ರಿ ಮಾಡಿದ್ದೆ. ಕಾಲರು, ತೋಳು, ಗುಂಡಿಯ ಪಟ್ಟಿ. ಅದೇ ಪೆಟ್ಟಿಗೆಯಲ್ಲಿ. ಅದನ್ನು ಆಕೆಗೆ ಹೇಳಲಿಲ್ಲ.

"ಕತ್ತಲಾಗೂ ಹೊತ್ತಿಗೆ ಹಿತ್ತಲ ಬಾಗಿಲಿಂದ ತಂದ ಇಡು," ಎಂದಳು ಆಕೆ, ಮತ್ತೆ ಮೆಲ್ಲಗೆ. "ತೆರದ ಇಟ್ಟಿರ್ತೀನಿ. ಯಾರಿಗೂ ತಿಳಿಯೂದು ಬ್ಯಾಡ. ಕನಿಕರಪಟ್ಟು ಸತ್ತ ಅಂತಾರ ಅವನ್ನ. ಅನ್ಲಿ. ಚಲೋ ಮಾತ ಅದು. ಇಸ್ತ್ರಿ ಪೆಟಿಗಿ ಮರತು ಸತ್ತ ಅನ್ನೂಕಿಂತ ಚಲೋ. ನನ್ನ ಮ್ಯಾಲಿಂದು ನನ್ನ ಮ್ಯಾಲೇ ಇರ್ಲಿ."

ಮನೆಗೆ ಬಂದೆ. ಪೆಟ್ಟಿಗೆ ಕಪಾಟಿನ ಕೆಳಗಿನ ಹಲಗೆಯಲ್ಲಿತ್ತು. ಮಾಲತೇಶ ತಂದ ದಿನ ಎಲ್ಲಿಯದು ಎಂದು ನಾನು ಕೇಳಿರಲಿಲ್ಲ. ಕೊಂಡಿರಬೇಕು ಎಂದುಕೊಂಡಿದ್ದೆ. ಕಾಲೇಜಿನ ಆ ಕೆಲಸವೂ ನನಗೆ ಸಿಗಲಿಲ್ಲ. ತಳದಲ್ಲಿ ಸುಟ್ಟ ದಾರದ ಕಲೆಯೊಂದಿತ್ತು, ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆದೆ. ವಯರನ್ನು ಹಿಡಿಕೆಗೆ ಸುತ್ತಿದೆ.

ಹಿತ್ತಲ ದಾರಿಗೆ ನಮ್ಮ ಮನೆಯಿಂದ ಇಪ್ಪತ್ತು ಮಾರು. ಪೆಟ್ಟಿಗೆಯನ್ನು ಸೆರಗಿನ ಕೆಳಗೆ ಇಟ್ಟುಕೊಂಡು ಹೊರಟೂಬಿಟ್ಟಿದ್ದೆ. ಇನ್ನೂ ಬೆಳಕಿತ್ತು. ಬಾವಿಯ ಕಟ್ಟೆಯ ಬಳಿ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ನನ್ನನ್ನು ನೋಡಿ, "ಆ ಚೌಕಾಸಿಯಾಕಿ ಮನಿಗಿ ಹೋಗಿದ್ದೆಂತಲ್ಲವ್ವ, ನಿನ್ನ ಎದಿ ಗಟ್ಟಿ," ಎಂದಳು. ನಾನು ಹೂಂ ಎನ್ನಬೇಕಿತ್ತು. ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದಾಗಲೇ ನನಗೆ ಲೆಕ್ಕ ಕಂಡಿತು. ಪೆಟ್ಟಿಗೆ ಕೊಟ್ಟರೂ ಆಕೆಯ ಮೌನ ನನ್ನ ಬಳಿ ಉಳಿಯುತ್ತದೆ. ನನ್ನ ಗಂಡನ ಹೆಸರಿಗಾಗಿ ಆಕೆ ಬೈಗುಳ ತಿನ್ನುತ್ತಾಳೆ, ನಾನು ಅದನ್ನು ಇಟ್ಟುಕೊಂಡು ಆಕೆಯ ಮರಕ್ಕೆ ಬೆಲೆ ಹೇಳುತ್ತೇನೆ. ಒಂದು ಗುಟುಕು ನೀರಿಗೆ ಹತ್ತು ರೂಪಾಯಿ. ಇದಕ್ಕೆ ಎಷ್ಟು? ನಾಲ್ಕು ಸಾವಿರದ ಇನ್ನೂರೈವತ್ತು ಎಂದರೆ ಮರದ ಕೆಳಗೆ ಅಂಗನವಾಡಿಯ ತಗಡು, ಗೋಡೆ, ನಾನು.

ಪೆಟ್ಟಿಗೆಯೊಂದಿಗೆ ಮನೆಗೆ ತಿರುಗಿದೆ.

ಸೋಮವಾರ ಬೆಳಿಗ್ಗೆ ಓಣಿ ತುಂಬ ಜನ. ಮರ ಇಳಿಸುವ ದಿನ ಯಾವಾಗಲೂ ಹೀಗೆಯೇ, ಅದರಲ್ಲೂ ಇದು ಎರಡನೆಯದು. ಕಾಕಾ ಕೊಂಬೆಗಳನ್ನು ಬೆಳಗಿನಿಂದಲೇ ಇಳಿಸಿದ್ದರು, ಬರೀ ಕಾಂಡ ಉಳಿದಿತ್ತು. ಹಗ್ಗ ಓಣಿಯ ಕಡೆ ಬಿಗಿದು ಕಟ್ಟಿತ್ತು. ನಾನು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಲಿಲ್ಲ, ಸೆರಗು ಮುಚ್ಚಲಿಲ್ಲ. ಹಿಡಿಕೆ ಹಿಡಿದು ಓಣಿಯ ನಡುವೆ ನಡೆದು ಬಂದೆ. ಜನ ಅದನ್ನು ನೋಡಿದರು, ನನ್ನನ್ನು ನೋಡಿದರು. ಯಾರೋ ಹಿಂದಿನಿಂದ, "ಇಸ್ತ್ರಿ ಮಾಡಿ ಇಳಸ್ತಾಳೇನಪಾ ಮರಾನ?" ಎಂದ. ಇಬ್ಬರು ನಕ್ಕರು.

ನೀಲಗಂಗವ್ವ ಅಂಗಳದಲ್ಲಿ ತನ್ನ ಜಾಗದಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದುದನ್ನು ಕಂಡು ಆಕೆಯ ಮುಖ ಕಪ್ಪಿಟ್ಟಿತು. ಬೇಡ ಎಂಬಂತೆ ಸ್ವಲ್ಪವೇ ತಲೆಯಾಡಿಸಿದಳು.

ನಾನು ಜನರ ಕಡೆ ತಿರುಗಿದೆ. ಮಾತು ತಯಾರು ಮಾಡಿಕೊಂಡಿರಲಿಲ್ಲ.

"ಇದು ನೀಲಗಂಗಕ್ಕಾರದು," ಎಂದೆ. "ಮೂರು ತಿಂಗಳಾತು, ನಮ್ಮ ಮನ್ಯಾಗ ಇತ್ತು. ನನ್ನ ಸಲುವಾಗಿ ನನ್ನ ಮನಿಯವರು ಇಸಗೊಂಡ ಒಯ್ದಿದ್ರು. ತಿರಗಿ ಕೊಡದೇ ಬೆಲಿ ಹೇಳಿದ್ರು. ಇವರು ಚೌಕಾಸಿ ಮಾಡಿಲ್ಲ."

ಹೊಳೆಬಸಪ್ಪ ಕಾಕಾ ಗರಗಸವನ್ನು ನೆಲಕ್ಕೆ ಇಳಿಸಿ ತಲೆಯ ರುಮಾಲು ತೆಗೆದರು. "ಅಯ್ಯ ಶಿವನ, ಪೆಟಿಗಿ," ಎಂದರು, ಅಷ್ಟೇ. ನಿನ್ನೆ ಬಾವಿಯ ಬಳಿ ಮಾತಾಡಿದ್ದ ಹೆಂಗಸು ಕಾಲಬೆರಳು ನೋಡಿಕೊಂಡಳು. ನನ್ನ ಗಂಡ ಇನ್ನು ಮುಂದೆ ಈ ಊರಿಗೆ ಕನಿಕರದಿಂದ ಸತ್ತವನಲ್ಲ. ಮರೆತು ಸತ್ತವನು. ಮಕ್ಕಳಿಗೆ ಬುದ್ಧಿ ಹೇಳುವಾಗ ಅವನ ಹೆಸರು ಹೇಳುತ್ತಾರೆ. ಅದು ಗೊತ್ತಿದ್ದೇ ಬಂದಿದ್ದೆ.

ಪೆಟ್ಟಿಗೆಯನ್ನು ನೀಲಗಂಗವ್ವನ ಮುಂದೆ ಹಿಡಿದೆ. ಆಕೆ ತಕ್ಷಣ ಕೈ ಚಾಚಲಿಲ್ಲ.

"ಹಿತ್ತಲ ಬಾಗಿಲು ತೆರದ ಇಟ್ಟಿದ್ನೆಲ್ಲ," ಎಂದಳು, ನನಗೆ ಮಾತ್ರ ಕೇಳುವಂತೆ.

"ಅದನ್ನೂ ಇಸಗೊಂಡ್ರ ನಾ ಬೆಲಿ ಹ್ಯಾಂಗ ಹೇಳ್ಲಿ ಅಕ್ಕಾರ?"

ಆಕೆ ನನ್ನನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ತೆಗೆದುಕೊಂಡಳು. ತಿರುವಿ ತಳ ನೋಡಿದಳು, ವಯರು ಸುತ್ತಿದ್ದನ್ನು ನೋಡಿದಳು, ತನ್ನ ವಸ್ತು ಮರಳಿ ಬಂದಾಗ ಯಾರಾದರೂ ನೋಡುವ ಹಾಗೆ. ಅದು ನನಗೆ ಒಳ್ಳೆಯದೆನಿಸಿತು. ಒಳಗೆ ಇಟ್ಟು ಬರ್ರಿ ಎಂದು ಯಾರೋ ಕೂಗಿದರು. ಆಕೆ ಕದಲಲಿಲ್ಲ.

ನಾನು ಕಾಂಡದ ಮೇಲೆ ಅಂಗೈ ಇಟ್ಟೆ. ತೊಗಟೆ ತಣ್ಣಗಿತ್ತು.

"ನಾಲ್ಕು ಸಾವಿರದ ಇನ್ನೂರೈವತ್ತು."

"ಆಯ್ತು," ಎಂದಳು ನೀಲಗಂಗವ್ವ.

ಹತ್ತು ಹೆಜ್ಜೆ ಎಣಿಸಿ ಹೋಗಿ ಅಂಗನವಾಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗರಗಸ ಶುರುವಾಯಿತು. ಲೆಕ್ಕದಲ್ಲಿ ಇನ್ನೇನೋ ಬಿಟ್ಟಿದ್ದೇನೆ ಎನ್ನಿಸಿತು. ಓಡಬೇಕು ಎನ್ನಿಸಿತು. ಹದಿಮೂರು ದಿನ ನನಗೆ ಹೀಗೆ ಏನೂ ಅನ್ನಿಸಿರಲಿಲ್ಲ. ಮರ ಮೊದಲು ನನ್ನ ಕಡೆಯೇ ವಾಲಿತು, ಒಂದು ಗೇಣು. ಕಾಕಾ ಏನೋ ಕೂಗಿದರು. ನಾನು ಕಣ್ಣು ಮುಚ್ಚಲಿಲ್ಲ. ಕಾಂಡದ ಆಚೆ ಕಾಣುತ್ತಿದ್ದ ನೀಲಗಂಗವ್ವನನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಹಗ್ಗ ಟಣ್ಣೆಂದು ಬಿಗಿಯಿತು, ಕಾಂಡ ನಿಧಾನವಾಗಿ ಓಣಿಯ ಕಡೆ ತಿರುಗಿತು, ತಿರುಗಿ ಹಗ್ಗದ ಉದ್ದಕ್ಕೂ ಮಲಗಿತು. ಧೂಳು ಇಳಿದಾಗ ಆಕೆ ಆ ಕಡೆ ಹತ್ತು ಹೆಜ್ಜೆಯ ಮೇಲೆ ಹಾಗೇ ನಿಂತಿದ್ದಳು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು.